ಎಲ್ಲವನ್ನೂ ಬದಲಿಸು

ನಾನು ಒಂಬತ್ತು ವರ್ಷಗಳಿಂದ ಸಂಶೋಧನೆ ಮಾಡುತ್ತಿದ್ದೇನೆ. ವಿಷಯ: ಹಳೆಯ ಕಾಗದಗಳಲ್ಲಿ ಮರ್ಯಾದೆಯ ಮಾತು. ಅಂದರೆ, ಒಬ್ಬ ಇನ್ನೊಬ್ಬನಿಗೆ ಪತ್ರ ಬರೆಯುವಾಗ ಯಾವಾಗ 'ನೀನು' ಎನ್ನುತ್ತಾನೆ, ಯಾವಾಗ 'ನೀವು' ಎನ್ನುತ್ತಾನೆ, ಸೊಂಟ ಎಷ್ಟು ಬಗ್ಗಿದಾಗ 'ತಾವು' ಎನ್ನುತ್ತಾನೆ ಎಂಬುದು. ಈ ವಿಷಯದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇನ್ನೊಬ್ಬರಿಗೆ ಅದು ಬೇಕಾಗಿಲ್ಲ ಎಂಬುದೇ ಅದಕ್ಕೆ ಕಾರಣ. ಇಂಥ ನನಗೇ, ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಅತ್ಯಂತ ಮರ್ಯಾದೆಗೆಟ್ಟ ಅರ್ಜಿ ಬರೆದವನು ಎಂಬ ಕೀರ್ತಿ ಬಂತು. ಅದು ಹೇಗೆ ಬಂತೆಂದು ಹೇಳಿಬಿಡುತ್ತೇನೆ. ನಗುವವರು ನಗಲಿ, ನನ್ನ ಹೆಂಡತಿ ಈಗಾಗಲೇ ನಕ್ಕು ಮುಗಿಸಿದ್ದಾಳೆ.

ಎಲ್ಲಕ್ಕೂ ಮೂಲ ನನ್ನ ಶಿಸ್ತು. ಶಿಸ್ತಿಲ್ಲದವರಿಗೆ ಇಂಥ ಅನಾಹುತ ಆಗುವುದಿಲ್ಲ. ಮೊದಲು ನನ್ನ ಟಿಪ್ಪಣಿಗಳು ಲಕೋಟೆಯ ಬೆನ್ನಿನ ಮೇಲೆ, ಬಸ್ ಟಿಕೆಟ್ಟಿನ ಮೇಲೆ, ಔಷಧಿ ಚೀಟಿಯ ಅಂಚಿನಲ್ಲಿ ಇರುತ್ತಿದ್ದವು. ಒಂದು ದಿನ ಹೆಂಡತಿ ವಾಷಿಂಗ್ ಮೆಷಿನ್ನಿನೊಳಗಿಂದ ಎರಡನೇ ಅಧ್ಯಾಯದ ಪೀಠಿಕೆಯನ್ನು ಮುದ್ದೆ ಮಾಡಿ ತೆಗೆದಳು. ಆವತ್ತೇ ಪಣ ತೊಟ್ಟೆ. ಕಂಪ್ಯೂಟರಿನಲ್ಲಿ ಬರೀ ಅಕ್ಷರ ಬರೆಯುವ ಎಡಿಟರ್ ಒಂದಿರುತ್ತದಲ್ಲ, ಬಣ್ಣವಿಲ್ಲ, ಚಿತ್ರವಿಲ್ಲ, ಯಾವ ಒಗ್ಗರಣೆಯೂ ಇಲ್ಲ, ಅದರಲ್ಲಿ ಒಂದೇ ಒಂದು ಫೈಲು ಮಾಡಿದೆ. ಹೆಸರು 'ಎಲ್ಲ'. ಪ್ರಬಂಧದ ಅಧ್ಯಾಯಗಳು ಅದರಲ್ಲೇ. ನಾನು ಟೈಪು ಮಾಡಿದ ಸಾವಿರದ ನಾನೂರು ಹಳೆಯ ಕಾಗದಗಳು ಅದರಲ್ಲೇ. ಅರ್ಜಿಗಳ ಕರಡು, ಕೆಲಸಗಳ ಪಟ್ಟಿ, ಎಲ್ಲ ಅದರಲ್ಲೇ. ತಲೆಬರಹಕ್ಕೊಂದು ನಕ್ಷತ್ರದ ಗುರುತು, ಅದರೊಳಗಿನದಕ್ಕೆ ಎರಡು. ಪ್ರತಿ ಕೆಲಸಕ್ಕೂ 'ಬಾಕಿ' ಅಥವಾ 'ಆಯಿತು', ಯಾರು ಮಾಡಬೇಕು, ಯಾವ ತಾರೀಕಿನೊಳಗೆ. ಈ ವ್ಯವಸ್ಥೆ ಕಟ್ಟುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಆ ಒಂದೂವರೆ ವರ್ಷದಲ್ಲಿ ಪ್ರಬಂಧ ಒಂದು ಸಾಲೂ ಮುಂದೆ ಹೋಗಲಿಲ್ಲ. ಆದರೆ ಎಷ್ಟು ಹೋಗಿಲ್ಲ ಎಂಬುದು ಮಾತ್ರ ನಿಖರವಾಗಿ ಗೊತ್ತಾಗುತ್ತಿತ್ತು.

“ರೀ, ಅಡುಗೆಮನೆ ನಲ್ಲಿ ಸೋರ್ತಿದೆ” ಎಂದು ಹೆಂಡತಿ ಹೇಳಿದರೆ, “ಬರ್ಕೊಂಡೆ” ಎನ್ನುತ್ತಿದ್ದೆ.

“ನೀವು ಬರ್ಕೊಂಡ್ರೆ ನಲ್ಲಿಗೆ ಓದೋಕೆ ಬರುತ್ತಾ?”

ಹೆಂಗಸರಿಗೆ ವ್ಯವಸ್ಥೆಯ ಬೆಲೆ ತಿಳಿಯುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಜೋರಾಗಿ ಹೇಳುವ ಧೈರ್ಯ ಇರಲಿಲ್ಲ.

ದೊಡ್ಡ ಕೆಲಸ ಹಿಡಿದವನು ಅದನ್ನು ಹಂಚಬೇಕಂತೆ. ನಾನೂ ಹಂಚಿದೆ. ಹಂಚುವುದಕ್ಕೆ ನನಗಿದ್ದವನು ಒಬ್ಬನೇ, ನನ್ನ ತಮ್ಮ. ಮಾರುಕಟ್ಟೆಯ ಮೂಲೆಯಲ್ಲಿ ಬೀಗ ರಿಪೇರಿ ಮಾಡಿ, ಬೀಗದ ಕೈ ಕೊರೆದು ಕೊಡುವ ಪುಟ್ಟ ಅಂಗಡಿ ಅವನದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ನೋಡಲಿ ಎಂದು ಕಾಗದಗಳ ಮೂಲಪ್ರತಿಯ ಪೆಟ್ಟಿಗೆಯನ್ನೇ ಅವನಿಗೆ ಕೊಟ್ಟಿದ್ದೆ, ನಾನು ಟೈಪು ಮಾಡಿದ ಪ್ರತಿಯ ಜೊತೆ. “ಬಿಡುವಾದಾಗ ತಾಳೆ ನೋಡು” ಎಂದು ಬಾಯಲ್ಲಿ ಹೇಳಿದ್ದೆ. ಮಿಕ್ಕ ಕೆಲಸಗಳನ್ನು ಫೈಲಿನಲ್ಲಿ ಅವನ ಪಾಲಿಗೆ ಬರೆಯುತ್ತಾ ಹೋದೆ. ದಿನಾ ಬೆಳಿಗ್ಗೆ ಎಡಿಟರ್ ತೆರೆದು 'ತಮ್ಮ' ಎಂದು ಹುಡುಕಿದರೆ ಫೈಲಿನ ತಲೆಯಲ್ಲೇ ಇದ್ದ ಅವನ ಪಟ್ಟಿ ಮೊದಲು ಬಂದು ನಿಲ್ಲುತ್ತಿತ್ತು. ನೂರಾ ಎಂಬತ್ತೇಳು ಸಾಲು. ಎಲ್ಲದರ ಮುಂದೂ ಬಾಕಿ, ಬಾಕಿ, ಬಾಕಿ.

ಈ ನಡುವೆ ನನ್ನ ಕುತ್ತಿಗೆಗೆ ಬಂದಿತ್ತು. ತಿಂಗಳ ಕೊನೆಯೊಳಗೆ ಸಮಿತಿ ಇನ್ನಾರು ತಿಂಗಳ ಕಾಲಾವಕಾಶ ಕೊಡದಿದ್ದರೆ ನನ್ನ ನೋಂದಣಿ ರದ್ದು. ಒಂಬತ್ತು ವರ್ಷ ನೀರಿನಲ್ಲಿ ಹೋಮ. ಅರ್ಜಿಯ ಜೊತೆ ಒಂದು ಅಧ್ಯಾಯವನ್ನೂ ಲಗತ್ತಿಸಬೇಕಿತ್ತು. ಸೋಮವಾರ ಬೆಳಿಗ್ಗೆ ನಾನು ಅದೇ ತಯಾರಿಯಲ್ಲಿದ್ದಾಗ ತಮ್ಮ ಮನೆಗೆ ಬಂದ.

“ಅಣ್ಣಾ, ಆ ಕಾಗದಗಳಲ್ಲಿ ಒಂದು ವಿಷ್ಯ ಇದೆ, ಹೇಳ್ಬೇಕಿತ್ತು.”

“ತಾಳೆ ನೋಡಿ ಮುಗಿಸಿದೀಯೋ ಇಲ್ವೋ?”

“ಇನ್ನೊಂದು ನಲವತ್ತಿದೆ. ಅದಲ್ಲ ಅಣ್ಣಾ, ನಾನು ಹೇಳ್ತಿರೋದು...”

“ನಲವತ್ತಿದೆ! ಒಂದೂವರೆ ವರ್ಷ ಆಯ್ತು! ನಿನ್ನ ಹೆಸರಲ್ಲಿ ನೂರಾ ಎಂಬತ್ತೇಳು ಬಾಕಿ ಇದೆ ಕಣೋ!”

ಅವನು ನನ್ನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ, “ಅಂಗಡಿ ತೆಗೀಬೇಕು” ಎಂದು ಹೊರಟುಹೋದ. ನನಗೆ ಮೈಯೆಲ್ಲ ಉರಿಯಿತು. ನಾನು ಸಂಭಾವಿತ, ಕೈ ಮಾಡುವವನಲ್ಲ. ಹಾಗಾಗಿ ಎಡಿಟರಿನ ಮುಂದೆ ಕೂತೆ. 'ಹುಡುಕು' ಎಂಬ ಕಡೆ 'ತಮ್ಮ' ಎಂದು ಹಾಕಿದೆ. 'ಬದಲಿಗೆ' ಎಂಬ ಕಡೆ 'ಮೈಗಳ್ಳ' ಎಂದು ಹಾಕಿದೆ. ಕೆಳಗೆ 'ಎಲ್ಲವನ್ನೂ ಬದಲಿಸು' ಎಂಬ ಗುಂಡಿ. ಒತ್ತಿದೆ. ಆ ಕ್ಷಣದ ಸುಖವನ್ನು ಸುಳ್ಳೇಕೆ ಹೇಳಲಿ, ಹಾಯೆನಿಸಿತು.

ಪರದೆಯ ಮೇಲೆ ಬಂತು: ೬,೪೧೨ ಕಡೆ ಬದಲಾಯಿಸಲಾಗಿದೆ.

ಆರು ಸಾವಿರದ ನಾನೂರ ಹನ್ನೆರಡು! ಯಾವ ಬುದ್ಧಿವಂತನಾದರೂ ಅಲ್ಲಿ ತಡೆದು ಯೋಚಿಸುತ್ತಿದ್ದ. ನಾನು ಫೋನು ತೆಗೆದುಕೊಂಡೆ.

“ನೀನು ಮೈಗಳ್ಳ ಕಣೋ! ಒಂದು ಸಲ ಅಲ್ಲ, ಎರಡು ಸಲ ಅಲ್ಲ, ಆರು ಸಾವಿರದ ನಾನೂರ ಹನ್ನೆರಡು ಸಲ ಮೈಗಳ್ಳ! ಸುಮ್ನೆ ಹೇಳ್ತಿಲ್ಲ, ದಾಖಲೆ ಇದೆ ನನ್ನ ಹತ್ರ!”

ಆ ಕಡೆಯಿಂದ ಬೀಗದ ಕೈ ಕೊರೆಯುವ ಯಂತ್ರದ ಸದ್ದು ನಿಂತಿತು. “ಆಯ್ತಣ್ಣ” ಎಂದ. ಫೋನಿಟ್ಟ. ಆಮೇಲೆ ನಾನೆಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. “ಅಷ್ಟು ಕೆಲ್ಸ ಅವನಿಗೆ ಯಾವಾಗ ಹೇಳಿದ್ರಿ?”

“ಫೈಲಲ್ಲಿದೆ.”

“ಫೈಲು ಅವನ ಹತ್ರ ಇದೆಯಾ?”

“ಅವನಿಗೆ ಕೊಟ್ರೆ ಹಾಳುಮಾಡ್ತಾನೆ.”

ಅವಳು ಒಳಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದಳು. ಪಾತ್ರೆ ಸದ್ದಾದರೆ ನನಗೆ ಭಯ ಜಾಸ್ತಿ. ಬೇಗಬೇಗ ಫೈಲಿನಿಂದ ಅರ್ಜಿಯನ್ನೂ ಮೂರನೇ ಅಧ್ಯಾಯವನ್ನೂ ಮುದ್ರಿಸಿ, ಒಂದು ಪ್ರತಿ ಕಚೇರಿಗೆ, ಒಂದು ಪ್ರತಿ ನನ್ನ ಮಾರ್ಗದರ್ಶಕಿಗೆ ಮುಟ್ಟಿಸಿದೆ. ಮೇಲಿನ ಮನೆಯ ನಿವೃತ್ತ ಮೇಷ್ಟ್ರಿಗೆ ಕಟ್ಟಡದ ಮಾಲೀಕರ ಹೆಸರಿಗೊಂದು ಮನವಿ ಬರೆದುಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅದನ್ನೂ ಮುದ್ರಿಸಿ ಕೊಟ್ಟೆ. ಅರ್ಜಿ ಬರೆಯುವುದರಲ್ಲಿ ನನ್ನದು ಎತ್ತಿದ ಕೈ ಎಂದು ಕಟ್ಟಡದವರೆಲ್ಲ ನಂಬಿದ್ದ ಕಾಲ ಅದು. ಮೇಷ್ಟ್ರು ಓದದೆಯೇ ಸಹಿ ಹಾಕಿದರು.

ಮಾರನೇ ದಿನ ಬೆಳಿಗ್ಗೆ ಮೇಷ್ಟ್ರು ಮೆಟ್ಟಿಲು ಇಳಿದು ಬಂದರು. ಒಂದು ಕೈಯಲ್ಲಿ ಮನವಿಯ ನಕಲು, ಇನ್ನೊಂದು ಕೈ ಎದೆಯ ಮೇಲೆ.

“ಏನಯ್ಯಾ ಇದು? ನಲವತ್ತು ವರ್ಷ ವ್ಯಾಕರಣ ಕಲಿಸಿದವನ ಕೈಲಿ ಇಂಥದ್ದಕ್ಕೆ ಸಹಿ ಹಾಕಿಸೋದಾ? ಕೇಳು. 'ಮಾನ್ಯರೇ, ಮೈಗಳ್ಳ ಕಟ್ಟಡದ ನೀರಿನ ಪಂಪು ಮೂರು ವಾರದಿಂದ ಕೆಟ್ಟಿರುವುದನ್ನು ಮೈಗಳ್ಳ ಗಮನಕ್ಕೆ ತರುತ್ತಾ, ಮೈಗಳ್ಳಲ್ಲಿ ಕಳಕಳಿಯಿಂದ ಪ್ರಾರ್ಥಿಸುವುದೇನೆಂದರೆ...' ಮೈಗಳ್ಳಲ್ಲಿ! ಅದು ಯಾವ ವಿಭಕ್ತಿ ಅಂತ ಹೇಳು ಮೊದಲು!”

ನಾನು ನಕಲನ್ನು ಅವರ ಕೈಯಿಂದ ತೆಗೆದುಕೊಂಡೆ. “ಮಾಲೀಕರು ಏನಂದ್ರು ಸಾರ್?”

“ಏನನ್ನೋದು! ಬೆಳಿಗ್ಗೆ ಏಳಕ್ಕೇ ರಿಪೇರಿಯವನನ್ನ ಕಳಿಸಿದ್ರು. ನೀರು ಬರ್ತಿದೆ.” ಮೇಷ್ಟ್ರು ದನಿ ಇಳಿಸಿದರು. “ಆ ಲಿಫ್ಟಿಗೂ ಒಂದು ಇದೇ ಥರ ಬರೆದುಕೊಡ್ತೀಯಾ?”

ಅವರನ್ನು ಸಾಗಹಾಕಿ ಫೈಲು ತೆರೆದೆ. ಮೊದಲ ಪುಟದಲ್ಲೇ ಗೊತ್ತಾಯಿತು. 'ತಮ್ಮ' ಎಂದರೆ ಒಡಹುಟ್ಟಿದವನು ಮಾತ್ರವಲ್ಲ, 'ತಮ್ಮ ಕಟ್ಟಡ', 'ತಮ್ಮ ಕೃಪೆ' ಎನ್ನುವಾಗಲೂ ಅದೇ ತಮ್ಮ. ಇದು ಸಣ್ಣ ಮಕ್ಕಳಿಗೂ ಗೊತ್ತು. ಅದೇ ಪದದ ಮೇಲೆ ಒಂಬತ್ತು ವರ್ಷ ಸಂಶೋಧನೆ ಮಾಡಿದ ನನಗೆ ಮಾತ್ರ ಮರೆತುಹೋಗಿತ್ತು. ಸಾವಿರದ ನಾನೂರು ಕಾಗದಗಳಲ್ಲಿ ಸತ್ತು ಸ್ವರ್ಗ ಸೇರಿದ ಮಹನೀಯರೆಲ್ಲ ಒಬ್ಬರಿಗೊಬ್ಬರು ಮೈಗಳ್ಳ ಮೈಗಳ್ಳ ಎಂದು ಬೈದುಕೊಳ್ಳುತ್ತಾ ಕೂತಿದ್ದರು. ಒಬ್ಬ ಅಜ್ಜಿ ಮಗಳಿಗೆ ಬರೆದ ಕಾಗದದಲ್ಲಿ 'ಸಾಕಾಯ್ತಮ್ಮ' ಎಂದಿದ್ದದ್ದು 'ಸಾಕಾಯ್ಮೈಗಳ್ಳ' ಆಗಿತ್ತು. ಫೈಲನ್ನೇನೋ ಒಂದೇ ಗುಂಡಿಯಲ್ಲಿ ಮೊದಲಿನಂತೆ ಮಾಡಿದೆ. ಕೈ ಬಿಟ್ಟು ಹೋದ ಕಾಗದಕ್ಕೆ ಆ ಗುಂಡಿ ಇಲ್ಲವಲ್ಲ. ಕಚೇರಿಗೆ ಓಡಿದೆ.

ಕಚೇರಿಯ ಸೂಪರಿಂಟೆಂಡೆಂಟರ ಮೇಜಿನ ಮೇಲೆ ಫೈಲುಗಳು ಬೇರು ಬಿಟ್ಟಿರುತ್ತವೆ ಎಂಬುದು ಲೋಕಪ್ರಸಿದ್ಧ. ನನ್ನ ಭರವಸೆಯೆಲ್ಲ ಆ ಬೇರಿನ ಮೇಲಿತ್ತು. ನನ್ನನ್ನು ಕಂಡೊಡನೆ ಅವರು ಎದ್ದು ನಿಂತರು. ಒಂಬತ್ತು ವರ್ಷದಲ್ಲಿ ಅವರು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎತ್ತರದ ಮನುಷ್ಯ.

“ಬನ್ನಿ. 'ಮೈಗಳ್ಳ ಕಚೇರಿಯ ನಿರಂತರ ಸಹಕಾರಕ್ಕೆ ಕೃತಜ್ಞ' ಅಂತ ಬರೆದವರು ನೀವೇ ಅಲ್ವಾ?”

“ಸಾರ್, ಅದು ತಪ್ಪಾಗಿ ಹೋಗಿದೆ, ಆ ಅರ್ಜಿ ವಾಪಸ್ ಕೊಟ್ರೆ...”

“ಎಲ್ಲಿದೆ ಅರ್ಜಿ? ನನ್ನ ಮೇಜಿನ ಮೇಲಿದೆಯಾ ನೋಡಿ! ಬಂದು ಹನ್ನೊಂದು ನಿಮಿಷಕ್ಕೆ ನಮೂದಾಗಿ, ಟಿಪ್ಪಣಿಯಾಗಿ, ಮೇಲೆ ಹೋಯ್ತು. ಮುಂದಿನ ವಾರ ಕೂರಬೇಕಿದ್ದ ಸಮಿತಿ ಈ ಶುಕ್ರವಾರವೇ ಕೂರತ್ತೆ. ನಾನೇ ಖುದ್ದು ಎಲ್ಲರಿಗೂ ಫೋನ್ ಮಾಡ್ದೆ. ಈಗ ಹೇಳಿ, ಯಾರು ಮೈಗಳ್ಳ?”

“ನಾನೇ ಸಾರ್. ದಯವಿಟ್ಟು ಸ್ವಲ್ಪ ನಿಧಾನ ಮಾಡಿ.”

“ಸಾಧ್ಯವೇ ಇಲ್ಲ” ಎಂದರು, ಎದೆ ಮುಂದೆ ಮಾಡಿ.

ಮಾರ್ಗದರ್ಶಕಿಯವರ ಕೊಠಡಿಗೆ ಹೋಗುವಾಗ ಕಾಲು ಎಳೆದುಕೊಂಡು ಹೋದೆ. ನನ್ನ ಮೂರನೇ ಅಧ್ಯಾಯದ ಹಳೆಯ ಪ್ರತಿ ಹದಿನಾಲ್ಕು ತಿಂಗಳಿಂದ ಅವರ ಮೇಜಿನ ಮೇಲೆ ಹೂಕುಂಡದ ಕೆಳಗೆ ಇತ್ತು. ಈಗ ಹೂಕುಂಡ ಕಿಟಕಿಯಲ್ಲಿತ್ತು. ಹೊಸ ಪ್ರತಿ ಅವರ ಕೈಯಲ್ಲಿತ್ತು, ತುಂಬ ಕೆಂಪು ಗೀಟುಗಳೊಂದಿಗೆ.

“ಕೂತ್ಕೊಳ್ಳಿ” ಎಂದರು. “ಅರ್ಜಿ ಓದಿದಾಗ ಸಿಟ್ಟು ಬಂತು. 'ಮೈಗಳ್ಳ ಅಮೂಲ್ಯ ಮಾರ್ಗದರ್ಶನ' ಅಂದ್ರೆ ಯಾರಿಗೆ ತಾನೇ ಬರಲ್ಲ? ಹದಿನಾಲ್ಕು ತಿಂಗಳು ಓದ್ಲಿಲ್ಲ ಅನ್ನೋದೂ ನೆನಪಾಯ್ತು. ಸರಿ, ಓದೇಬಿಡೋಣ ಅಂತ ಅಧ್ಯಾಯ ತೆಗೆದೆ.” ಅವರ ಕಣ್ಣು ಹೊಳೆಯಿತು. “ನೀವು ಇಷ್ಟು ದೊಡ್ಡ ವಿಷಯ ಕಂಡುಹಿಡಿದಿದೀರಾ, ಬಾಯಿ ಬಿಟ್ಟು ಹೇಳ್ಬಾರದಾ?”

“ಏನು ಮೇಡಂ?”

ಅವರು ಓದಿದರು: “'ಮೈಗಳ್ಳ ಎಂಬುದು ಹಿರಿಯರಿಗೆ ಸಲ್ಲಿಸುವ ಅತ್ಯುನ್ನತ ಗೌರವದ ಪದ. ಮಗ ತಂದೆಗೆ, ಶಿಷ್ಯ ಗುರುವಿಗೆ, ನೌಕರ ಯಜಮಾನನಿಗೆ ಮೈಗಳ್ಳ ಎಂದೇ ಬರೆಯುತ್ತಿದ್ದರು.' ಒಂದು ಬೈಗುಳ ಒಂದು ಕಾಲದಲ್ಲಿ ಮರ್ಯಾದೆಯ ಮಾತಾಗಿತ್ತು! ಅರ್ಜಿಯಲ್ಲೂ ಅದನ್ನೇ ಬಳಸಿ ತೋರಿಸಿದೀರಿ. ಎಂಥಾ ಧೈರ್ಯ ರೀ ನಿಮ್ದು!”

“ಮೇಡಂ, ಅದು ಹಾಗಲ್ಲ...”

“ವಿನಯ ಸಾಕು. ನಿಜ ಹೇಳ್ತೀನಿ, ಇದು ಇಲ್ದಿದ್ರೆ ನಿಮಗೆ ಕಾಲಾವಕಾಶ ಕೊಡಿ ಅನ್ನೋದಕ್ಕೆ ನನ್ನ ಹತ್ರ ಅಯ್ಯೋ ಪಾಪ ಅನ್ನೋದು ಬಿಟ್ಟು ಬೇರೆ ಕಾರಣ ಇರ್ಲಿಲ್ಲ. ಸಮಿತಿಗೆ ಆಗಲೇ ಹೇಳಿದೀನಿ. ಶುಕ್ರವಾರ ಮೂಲ ಕಾಗದಗಳನ್ನ ತನ್ನಿ, ಅಧ್ಯಕ್ಷರು ಕಣ್ಣಾರೆ ನೋಡ್ಬೇಕಂತೆ.”

ನಾನು ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಅಯ್ಯೋ ಪಾಪ ಎಂಬ ಒಂದೇ ಕಾರಣದ ಮೇಲೆ ನಿಲ್ಲುವುದಕ್ಕಿಂತ ಸುಳ್ಳಿನ ಮೇಲೆ ಮೂರು ದಿನ ನಿಲ್ಲೋಣ ಎಂದು ನನ್ನ ಹೇಡಿ ಮನಸ್ಸು ಲೆಕ್ಕ ಹಾಕಿತು. ಆದರೆ ಮೂಲ ಕಾಗದಗಳು ಇದ್ದದ್ದು ಎಲ್ಲಿ? ತಮ್ಮನ ಅಂಗಡಿಯಲ್ಲಿ.

ಗುರುವಾರ ಅಂಗಡಿಗೆ ಹೋದೆ. ಅವನು ತಲೆ ತಗ್ಗಿಸಿ ಒಂದು ಹಳೆಯ ಬೀಗದ ಹೊಟ್ಟೆ ಬಿಚ್ಚುತ್ತಿದ್ದ. ಗಿರಾಕಿಗೆ ಹೇಳುವಂತೆ “ಏನು ಬೇಕಿತ್ತು?” ಎಂದ. ಹುಟ್ಟಿದಾಗಿನಿಂದ ಅವನು ನನ್ನನ್ನು ಅಣ್ಣ ಎನ್ನದೆ ಮಾತಾಡಿಸಿದ್ದಿಲ್ಲ.

“ಆ ಪೆಟ್ಟಿಗೆ ಬೇಕಿತ್ತು ಕಣೋ. ನಾಳೆ ಸಮಿತಿ ಇದೆ.”

“ನಾಳೆ ನಾನೇ ತರ್ತೀನಿ. ಇನ್ನು ಹನ್ನೆರಡು ಕಾಗದ ಇದೆ, ಮುಗಿಸಿಬಿಡ್ತೀನಿ. ಮೈಗಳ್ಳ ಅನ್ನಿಸ್ಕೊಂಡ್ಮೇಲೆ ಅರ್ಧಕ್ಕೆ ಬಿಡಬಾರ್ದು.”

ತಪ್ಪಾಯಿತು ಎನ್ನುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು, ಬೀಗದ ಕೈ ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದೇನೆ ಎಂದು ಗೋಳಾಡತೊಡಗಿದಳು. ಅವನು ಚೀಲ ಎತ್ತಿಕೊಂಡು ಅವಳ ಹಿಂದೆ ನಡೆದ. ನಾನು ತೆರೆದ ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಶುಕ್ರವಾರ ಸಮಿತಿಯ ಕೊಠಡಿಯಲ್ಲಿ ಉದ್ದನೆಯ ಮೇಜು, ಅದರ ತುದಿಗೆ ಕನ್ನಡಕವನ್ನು ಹಣೆಯ ಮೇಲೇರಿಸಿದ ಅಧ್ಯಕ್ಷರು. ಪಕ್ಕದಲ್ಲಿ ಹೆಮ್ಮೆಯಿಂದ ಮೇಡಂ. ಬಾಗಿಲ ಬಳಿ ತಾವು ಎಷ್ಟು ಚುರುಕು ಎಂದು ತೋರಿಸಲು ನಿಂತೇ ಇದ್ದ ಸೂಪರಿಂಟೆಂಡೆಂಟರು. ನನ್ನ ತಮ್ಮ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮೇಲೊಂದು ದಪ್ಪ ನೋಟ್‌ಬುಕ್ ಇಟ್ಟು ಬದಿಗೆ ಸರಿದ. ನನ್ನ ಕಡೆ ನೋಡಲಿಲ್ಲ.

“ಇವರು ಯಾರು?” ಅಧ್ಯಕ್ಷರು ಕೇಳಿದರು.

“ಕಾಗದಗಳನ್ನ ತಾಳೆ ನೋಡಿದವರು” ಎಂದೆ. ಬಹುವಚನ ತಾನಾಗಿಯೇ ಬಂತು.

“ಹೌದಾ? ಹಾಗಾದ್ರೆ ನೀವೇ ಹೇಳಿ. ಮೂಲದಲ್ಲಿ 'ಮೈಗಳ್ಳ' ಅಂತ ಇದೆಯಾ?”

ನನ್ನ ಒಂಬತ್ತು ವರ್ಷ ಅವನ ನಾಲಿಗೆಯ ತುದಿಯಲ್ಲಿತ್ತು. ಹೌದು ಎಂದರೆ ನಾನು ಕಳ್ಳ, ಇಲ್ಲ ಎಂದರೆ ನಾನು ಮುಳುಗಿದೆ. ಎರಡಕ್ಕೂ ಅವನಿಗೆ ಪೂರ್ತಿ ಹಕ್ಕಿತ್ತು. ಅವನು ಬಾಯಿ ತೆರೆಯುವ ಮುಂಚೆ ನಾನೇ ಎದ್ದು ನಿಂತೆ. ಅದು ಹೇಗೆ ಎದ್ದೆನೋ, ಇವತ್ತಿಗೂ ಗೊತ್ತಿಲ್ಲ.

“ಇಲ್ಲ ಸಾರ್. ಮೂಲದಲ್ಲಿ 'ತಮ್ಮ' ಅಂತಿದೆ. ಇವನು ನನ್ನ ತಮ್ಮ. ಸಿಟ್ಟಲ್ಲಿ ಇವನನ್ನ ಮೈಗಳ್ಳ ಅಂತ ಬರೆಯೋಕೆ ಹೋಗಿ, ಫೈಲಲ್ಲಿದ್ದ ತಮ್ಮ ಎಲ್ಲಾನೂ ಮೈಗಳ್ಳ ಮಾಡ್ಬಿಟ್ಟೆ. ಹೊಸ ಶೋಧನೆ ಏನೂ ಇಲ್ಲ. ಇವನು ಮೈಗಳ್ಳನೂ ಅಲ್ಲ.”

ಮೇಡಂ ಕೈಯಲ್ಲಿದ್ದ ಅಧ್ಯಾಯವನ್ನು ನಿಧಾನವಾಗಿ ಮಗುಚಿ ಹಾಕಿದರು. ಸೂಪರಿಂಟೆಂಡೆಂಟರು ಮೊದಲ ಸಲ ಕೂತರು. ನನ್ನ ತಮ್ಮ ಒಂದು ಹೆಜ್ಜೆ ಮುಂದೆ ಬಂದ.

“ಸಾರ್, ನಾನು ಓದಿದವನಲ್ಲ. ಆದ್ರೆ ಒಂದು ವಿಷ್ಯ ಹೇಳ್ಬಹುದಾ? ಸೋಮವಾರ ಅಣ್ಣಂಗೆ ಹೇಳೋಣ ಅಂತ್ಲೇ ಹೋಗಿದ್ದೆ. ತಾಳೆ ನೋಡ್ತಾ ಪ್ರತಿ ಕಾಗದದಲ್ಲಿ 'ತಮ್ಮ' ಎಷ್ಟು ಸಲ ಇದೆ ಅಂತ ಬರ್ಕೊಂಡಿದೀನಿ. ಮೂ‍ರ್ನಾಲ್ಕು ಇದ್ರೆ ಬರೀ ಮರ್ಯಾದೆ. ಹತ್ತು ದಾಟ್ತು ಅಂದ್ರೆ ಕೊನೇಲಿ ಏನೋ ಕೇಳ್ತಾನೆ, ಕೆಲ್ಸನೋ, ಶಿಫಾರಸೋ. ಕೇಳಿದ್ದು ಸಿಕ್ಕಿದ್ಮೇಲೆ ಅದೇ ಮನುಷ್ಯ ಬರೆದ ಕಾಗದದಲ್ಲಿ ಎರಡಕ್ಕೆ ಇಳಿಯುತ್ತೆ. ಸಾವಿರದ ನಾನೂರರಲ್ಲಿ ಹದಿನೇಳು ಮಾತ್ರ ತಪ್ಪಿದೆ.”

ಅಧ್ಯಕ್ಷರು ನೋಟ್‌ಬುಕ್ ಎಳೆದುಕೊಂಡರು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಹತ್ತು ನಿಮಿಷ ಪುಟ ತಿರುಗಿಸಿದರು. ಆಮೇಲೆ ಅವರು ನನ್ನ ಅರ್ಜಿ ತೆಗೆದು ಬೆರಳಿಟ್ಟು ಎಣಿಸತೊಡಗಿದರು.

“ಇಪ್ಪತ್ತಾರು” ಎಂದರು. “ಒಂದು ಪುಟದಲ್ಲಿ ಇಪ್ಪತ್ತಾರು. ನಿಮ್ಮ ತಮ್ಮ ಹೇಳಿದ್ದು ಸರಿಯಾಗೇ ಇದೆ.”

ಮೇಡಂ ಮೊದಲು ನಕ್ಕರು. ಆಮೇಲೆ ಸೂಪರಿಂಟೆಂಡೆಂಟರೂ ನಕ್ಕರು, ಅನುಮತಿ ಸಿಕ್ಕಿತೆಂದು.

“ಆರು ತಿಂಗಳು ಕೊಟ್ಟಿದೀವಿ” ಎಂದರು ಅಧ್ಯಕ್ಷರು. “ಈ ನೋಟ್‌ಬುಕ್ಕಿನ ವಿಷಯ ನಾಲ್ಕನೇ ಅಧ್ಯಾಯ ಆಗ್ಬೇಕು, ಯಾರು ಕಂಡುಹಿಡಿದದ್ದು ಅಂತ ಹೆಸರು ಸಮೇತ. ಇನ್ನು ಅರ್ಜಿ. ಇಪ್ಪತ್ತಾರರಲ್ಲಿ ಇಪ್ಪತ್ತೈದು ಕಡೆ ತಿದ್ದಿ ಕೊಡಿ. ಕೊನೇ ಸಾಲು ಮಾತ್ರ ಹಾಗೇ ಇರಲಿ, ಅಲ್ಲಿ ಪದ ಸರಿಯಾಗಿ ಬಿದ್ದಿದೆ.”

ಕೊನೆಯ ಸಾಲು ನೋಡಿದೆ. 'ಇಂತಿ, ಮೈಗಳ್ಳ ವಿಧೇಯ ವಿದ್ಯಾರ್ಥಿ.' ಅದರ ಕೆಳಗೆ ನನ್ನ ಸಹಿ.

ಹೊರಗೆ ಮೆಟ್ಟಿಲ ಮೇಲೆ ನನ್ನ ತಮ್ಮ ಚೀಲ ಹೆಗಲಿಗೇರಿಸಿ ಹೊರಟಿದ್ದ. ಓಡಿ ಹೋಗಿ ಅವನ ತೋಳು ಹಿಡಿದೆ. “ತಪ್ಪಾಯ್ತು ಕಣೋ. ನಿಂಗೆ ಹಾಗನ್ನಬಾರ್ದಿತ್ತು” ಎಂದೆ.

ಅವನು ಚೀಲ ಕೆಳಗಿಟ್ಟ. “ಬಿಡಣ್ಣ” ಎಂದ. ಆ 'ಅಣ್ಣ' ಕೇಳಿದ್ದೇ ಸಾಕಾಯಿತು ನನಗೆ. ಆಮೇಲೆ ಮೆಟ್ಟಿಲ ಮೇಲೆ ಕೂತ. “ನೂರಾ ಎಂಬತ್ತೇಳು ಬಾಕಿ ಅಂದ್ಯಲ್ಲ, ಅದೇನು? ನಂಗೆ ಒಂದೂ ಗೊತ್ತಿಲ್ಲ. ತೋರ್ಸು, ಇವತ್ತೇ ನೋಡೋಣ.”

ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಪಟ್ಟಿ ತೆರೆದೆ. ಅವನು ಒಂದು ಕಣ್ಣು ಕಿರಿದು ಮಾಡಿ ಮೊದಲ ಸಾಲನ್ನು ಗಟ್ಟಿಯಾಗಿ ಓದಿದ.

“ಒಂದು. ಈ ಪಟ್ಟಿಯ ವಿಷಯ ತಮ್ಮನಿಗೆ ತಿಳಿಸುವುದು. ಯಾರು: ನಾನು. ಗಡುವು: ಹೋದ ವರ್ಷ ಮಾರ್ಚ್. ಬಾಕಿ.”

ಅವನು ನನ್ನನ್ನು ನೋಡಿದ. ನಾನು ಪರದೆ ನೋಡಿದೆ. ಅವನು ನಗತೊಡಗಿದವನು ಮೆಟ್ಟಿಲ ಕಂಬಿ ಹಿಡಿದುಕೊಂಡು ನಕ್ಕ, ಕಣ್ಣೊರೆಸಿಕೊಂಡು ಮತ್ತೆ ನಕ್ಕ. ಹೋಗಿಬರುವವರೆಲ್ಲ ನಿಂತು ನೋಡಿದರು.

“ಈಗ ತಿಳಿಸಿದೆಯಲ್ಲ, ಬರಿ ಅಣ್ಣಾ” ಎಂದ.

ನಾನು 'ಬಾಕಿ' ಅಳಿಸಿ 'ಆಯಿತು' ಎಂದು ಬರೆದೆ. ಒಂಬತ್ತು ವರ್ಷದಲ್ಲಿ ನನ್ನ ಪಾಲಿನ ಕೆಲಸವೊಂದು ಮುಗಿದದ್ದು ಅದೇ ಮೊದಲು. ಅದನ್ನೂ ಓದಿ ಹೇಳಿದವನು ಅವನೇ.